ಕರಾರು ಮುಗಿದ ಮೇಲೆ

ರಾಹುಲ್ ಭೇಕೆ ಎಂಬ ಫುಟ್‌ಬಾಲ್ ಆಟಗಾರನ ಹೆಸರು ನಮ್ಮ ಅರಸೀಕೆರೆ ಸೀಮೆಯಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನಮ್ಮ ಕಡೆ ಹುಡುಗರಿಗೆ ಕಬಡ್ಡಿ ಗೊತ್ತು, ವಾಲಿಬಾಲು ಗೊತ್ತು, ಕ್ರಿಕೆಟ್ಟಂತೂ ಹೇಳುವುದೇ ಬೇಡ. ಫುಟ್‌ಬಾಲು ಅಂದರೆ ಹೈಸ್ಕೂಲಿನ ಡ್ರಿಲ್ ಮಾಸ್ತರ ರೂಮಿನ ಮೂಲೆಯಲ್ಲಿ ಗಾಳಿ ಹೋಗಿ ಬಿದ್ದಿರುವ ಒಂದು ಚೆಂಡು, ಅಷ್ಟೆ. ಆದರೂ ಗೆಳೆಯರೆ, ಅವನ ವಿಷಯ ಬರೆಯಬೇಕೆನ್ನಿಸಿದೆ. ಅವನು ತಂಡ ಬದಲಿಸಿದಾಗ ಪತ್ರಿಕೆಗಳು ಬಳಸಿದ ಒಂದು ಮಾತು ಅವತ್ತಿನಿಂದ ನನ್ನ ತಲೆಯೊಳಗೆ ಕೂತಿದೆ: ಫ್ರೀ ಏಜೆಂಟ್. ಅಂದರೆ ಕರಾರು ಮುಗಿದವನು, ಯಾರಿಗೂ ಸೇರದವನು, ಎಲ್ಲಿಗೆ ಬೇಕಾದರೂ ಹೋಗಬಹುದಾದವನು.

ಸಂಗತಿ ಇಷ್ಟು. ಭೇಕೆ ಮುಂಬೈಯವನು. ಆಡುವುದು ಹಿಂದೆ ನಿಂತು, ಎದುರಾಳಿಯನ್ನು ತಡೆಯುವ ಡಿಫೆಂಡರ್ ಕೆಲಸ. 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ. 2019ರ ಮಾರ್ಚ್ 17ರಂದು ಗೋವಾ ಎದುರು ಐಎಸ್‌ಎಲ್ ಫೈನಲ್ಲು ಹೆಚ್ಚುವರಿ ಸಮಯಕ್ಕೆ ಹೋದಾಗ, 117ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದವನು ಈ ಡಿಫೆಂಡರನೇ. ಬೆಂಗಳೂರಿಗೆ ಬಂದ ಮೊದಲ ಐಎಸ್‌ಎಲ್ ಕಪ್ಪು ಅದು. 2021ರಲ್ಲಿ ಅವನು ಮುಂಬೈ ಸಿಟಿಗೆ ಹೋದ. ಹೋದ ಮೇಲೂ ಸುಮ್ಮನಿರಲಿಲ್ಲ. 2022ರ ಏಪ್ರಿಲಿನಲ್ಲಿ ರಿಯಾದಿನಲ್ಲಿ ಇರಾಕಿನ ತಂಡವೊಂದರ ಮೇಲೆ ಅವನು ಹೊಡೆದ ಗೋಲಿನಿಂದಲೇ ಎಎಫ್‌ಸಿ ಚಾಂಪಿಯನ್ಸ್ ಲೀಗಿನಲ್ಲಿ ಭಾರತದ ಕ್ಲಬ್ಬೊಂದು ಮೊದಲ ಸಲ ಪಂದ್ಯ ಗೆದ್ದಿತು. ಆ ವರ್ಷಗಳಲ್ಲಿ ಬೆಂಗಳೂರಿಗೂ ಮುಂಬೈಗೂ ಹಾವು ಮುಂಗುಸಿ. 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಫೈನಲ್ಲಿನಲ್ಲಿ ಬೆಂಗಳೂರು ಮುಂಬೈಯನ್ನು 2-1ರಿಂದ ಸೋಲಿಸಿತು. 2023ರ ಮಾರ್ಚಿನಲ್ಲಿ ನಮ್ಮ ಕಂಠೀರವದಲ್ಲೇ ಸೆಮಿಫೈನಲ್ಲು ಪೆನಾಲ್ಟಿಗೆ ಹೋಗಿ, 9-8ರಲ್ಲಿ ಮುಂಬೈ ಮತ್ತೆ ಸೋತಿತು. 2024ರ ಮೇ 4ರಂದು ಭೇಕೆ ಮುಂಬೈಯ ನಾಯಕನಾಗಿ ಕೋಲ್ಕತ್ತದಲ್ಲಿ ಮೋಹನ್ ಬಗಾನನ್ನು ಸೋಲಿಸಿ ಕಪ್ಪು ಎತ್ತಿದ. ಕಪ್ಪು ಎತ್ತಿದ ಕೈ ಆರುವ ಮೊದಲೇ ಕರಾರು ಮುಗಿಯಿತು. ಬೆಂಗಳೂರಿಗೆ ವಾಪಸ್ಸು ಬಂದ. ಬೆಂಗಳೂರು ಮುಂಬೈಗೆ ಒಂದು ಬಿಡಿಗಾಸೂ ಕೊಡಬೇಕಾಗಿರಲಿಲ್ಲ.

ಇಂಥ ಸುದ್ದಿ ಬಂದಾಗ ಗ್ಯಾಲರಿಯಲ್ಲಿ ಮೊದಲು ಕೇಳುವ ಮಾತು ದ್ರೋಹ. ನಿನ್ನೆಯ ತನಕ ಹೆಗಲ ಮೇಲೆ ಹೊತ್ತವರೇ ಇವತ್ತು ಅವನ ಅಂಗಿ ಸುಡಲು ನಿಲ್ಲುತ್ತಾರೆ. ಇದು ಫುಟ್‌ಬಾಲಿನವರು ಹೊಸದಾಗಿ ಕಂಡುಹಿಡಿದದ್ದಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮಗೆ ಹುಟ್ಟಿನಿಂದ ಹೇಳಿಕೊಟ್ಟಿದ್ದಾರೆ. ಜಂತೆ ಇರುವ ಮನೆ ಯಾರದ್ದು, ಉಣ್ಣಲು ಅಂಗಳದಲ್ಲಿ ಕೂತವರು ಯಾರು ಅಂತ ಗಾದೆ ಕಟ್ಟಿದವರು ಹೇಳಲಿಲ್ಲ. ಹಳಗನ್ನಡದಲ್ಲಿ ಈ ನಿಷ್ಠೆಗೆ ಬೇರೆಬೇರೆ ಹೆಸರೇ ಇವೆ: ಜೋಳವಾಳಿ, ವೇಳೆವಾಳಿ, ಲೆಂಕವಾಳಿ. ತಿಂದ ಜೋಳದ ಋಣಕ್ಕೆ ಜೀವ ಕೊಡುವುದು. ಕೃಷ್ಣ ಬಂದು ಈ ಕಡೆಗೆ ಬಾ ಅಂದಾಗ ಬರಲಾರೆ ಅಂದ ಕರ್ಣನನ್ನು ಹೊಗಳಿ ಹೊಗಳಿ ನಮ್ಮ ಕವಿಗಳು ದಣಿದಿದ್ದಾರೆ.

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿ ನೋಡಿ ಸುಸ್ತಾಗಿ ಬರುತ್ತಾರೆ. ಪಕ್ಕದಲ್ಲಿರುವ ಗರುಡಗಂಬವನ್ನು ಹತ್ತಿರ ಹೋಗಿ ನೋಡುವವರು ಕಡಿಮೆ. ಕುವರ ಲಕ್ಷ್ಮ ಎಂಬುವನು ಇಮ್ಮಡಿ ಬಲ್ಲಾಳನ ದಂಡನಾಯಕ. 1220ರಲ್ಲಿ ಅರಸ ಸತ್ತಾಗ, ಇಟ್ಟ ಆಣೆಯಂತೆ ಹೆಂಡತಿಯ ಜೊತೆ, ತನ್ನ ಜೊತೆಯ ವೀರರ ಜೊತೆ ತಾನೂ ಪ್ರಾಣ ಬಿಟ್ಟ. ಕಂಬದ ಮೇಲೆ ಆ ವೀರರು ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಚಿತ್ರವಿದೆ. ಕಾಲೇಜಿನವರು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಡೆಯ ಸತ್ತರೂ ಇವರ ಕರಾರು ಮುಗಿಯಲಿಲ್ಲವಲ್ಲ ಎನ್ನಿಸಿತು. ಅದಕ್ಕಿಂತ ಬೇಲೂರಿನ ದಾಸೋಜ ನನಗೆ ಹತ್ತಿರದವನು. ಅವನು ಬಳ್ಳಿಗಾವಿಯ ಶಿಲ್ಪಿ, ಚಾಲುಕ್ಯರ ನಾಡಿನವನು. ಹೊಯ್ಸಳರು ಚಾಲುಕ್ಯರ ಕೈಯಿಂದ ಬಿಡಿಸಿಕೊಳ್ಳಲು ಗುದ್ದಾಡುತ್ತಿದ್ದ ಕಾಲದಲ್ಲಿ ಅವನೂ ಅವನ ಮಗ ಚಾವಣನೂ ಬೇಲೂರಿಗೆ ಬಂದು ವಿಷ್ಣುವರ್ಧನನ ಗುಡಿಗೆ ಕಲ್ಲು ಕೆತ್ತಿದರು. ಕೆತ್ತಿದ್ದರ ಕೆಳಗೆ ಹೆಸರನ್ನೂ ಕೆತ್ತಿದರು, ಊರಿನ ಹೆಸರು ಸಮೇತ. ಉಳಿ ಅವರದು, ಕೈ ಅವರದು. ಅವರನ್ನು ದ್ರೋಹಿಗಳು ಅಂತ ಯಾವ ಶಾಸನವೂ ಬೈದಿಲ್ಲ.

ನಮ್ಮ ತಾತನ ಹೆಸರನ್ನು ಯಾರೂ ಎಲ್ಲೂ ಕೆತ್ತಿಲ್ಲ. ಅವನು ಜೀತಕ್ಕಿದ್ದ. ದೊಡ್ಡಪ್ಪನ ಕಾಯಿಲೆಗೋ ಅತ್ತೆಯ ಮದುವೆಗೋ ಇನ್ನೂರು ಮುನ್ನೂರು ತಂದಿದ್ದನಂತೆ. ಕರಾರು ಉಗಾದಿಯಿಂದ ಉಗಾದಿಗೆ. ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಲೆಕ್ಕ ಇದ್ದದ್ದು ಗೌಡರ ಬಾಯಲ್ಲಿ. ಉಗಾದಿಯ ಬೇವುಬೆಲ್ಲ ತಿಂದ ಮಾರನೆಯ ದಿನ ಅವನು ಲೆಕ್ಕದ ಪ್ರಕಾರ ಬಿಡುಗಡೆಯಾದವನೇ, ಆದರೆ ಸಾಲ ತೀರಿರುತ್ತಿರಲಿಲ್ಲ. ಬೇರೆ ಊರಿನ ಗೌಡರೊಬ್ಬರು ಇವನ ಬೇಸಾಯ ನೋಡಿ, ನಮ್ಮನೆಗೆ ಬಂದಿರು ಅಂತ ಕೇಳಿದ್ದರಂತೆ. ಹಾಗೆ ಕರೆದುಕೊಂಡು ಹೋಗಬೇಕಾದರೆ ಅವರು ಹಳೆಯ ಮನೆಯ ಸಾಲ ಚುಕ್ತಾ ಮಾಡಬೇಕು. ಮಾಡಿದರೆ ಸಾಲ ಹೊಸ ಮನೆಯ ಲೆಕ್ಕಕ್ಕೆ ಬರುತ್ತದೆ. ಆಳು ಸಾಲದ ಹಿಂದೆ ನಡೆದುಕೊಂಡು ಹೋಗುತ್ತಾನೆ. ಮಾತು ಮುರಿದು ಬಿತ್ತು, ಇಬ್ಬರು ಗೌಡರಿಗೂ ಮೊಬಲಗು ಹೊಂದಲಿಲ್ಲ. "ನನ್ನ ಕೇಳ್ನೇ ಇಲ್ಲ ಕಣ್ ಮಗ, ಎತ್ತಿನ ವ್ಯಾಪಾರ ಆದಂಗಾಯ್ತು" ಅಂತ ತಾತ ಹೇಳುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತಪದ್ಧತಿ ರದ್ದು ಕಾಯ್ದೆ ಬಂತು. ಜೀತದ ಸಾಲಗಳೆಲ್ಲ ರದ್ದು ಎಂದಿತು. ತಾತ ಫ್ರೀ ಏಜೆಂಟ್ ಆದ. ತುಂಡು ಜಮೀನು ಇರಲಿಲ್ಲವಾದ್ದರಿಂದ ಮಾರನೆಯ ದಿನ ಅದೇ ಮನೆಗೆ ಕೂಲಿಗೆ ಹೋದ.

ಫುಟ್‌ಬಾಲಿಗೂ ಜೀತಕ್ಕೂ ಏನು ಸಂಬಂಧ, ಆ ಆಟಗಾರರು ಕೋಟಿಗಟ್ಟಲೆ ದುಡಿಯುವುದಿಲ್ಲವೆ ಎಂದು ನೀವು ಕೇಳಬಹುದು. ಕೇಳಿ. ಹೋಲಿಕೆ ಅತಿಯಾಯಿತು ಅಂತ ನಾನೂ ಒಂದು ಕ್ಷಣ ಅಂದುಕೊಂಡೆ. ಆದರೆ ಅವರ ಚರಿತ್ರೆ ಓದುತ್ತಾ ಹೋದರೆ ತಾತನ ಉಗಾದಿಯೇ ಕಾಣುತ್ತದೆ. ಇಂಗ್ಲೆಂಡಿನಲ್ಲಿ 1893ರಿಂದ ಒಂದು ಪದ್ಧತಿ ಇತ್ತು. ಆಟಗಾರನ ಕರಾರು ಮುಗಿದರೂ ಕ್ಲಬ್ಬು ಅವನನ್ನು ತನ್ನ ಪಟ್ಟಿಯಲ್ಲೇ ಇಟ್ಟುಕೊಳ್ಳಬಹುದು. ಆಡಿಸಲೂಬೇಕಿಲ್ಲ, ಬಿಡಲೂಬೇಕಿಲ್ಲ. ಬೇರೆ ಕ್ಲಬ್ಬು ಹಣ ಕೊಟ್ಟರೆ ಮಾತ್ರ ಬಿಡುಗಡೆ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ 1960ರಲ್ಲಿ ನ್ಯೂಕ್ಯಾಸಲ್ ಬಿಡುತ್ತೇನೆ ಅಂದ, ಅವರು ಬಿಡಲಿಲ್ಲ. ಅವನು ಆಟ ನಿಲ್ಲಿಸಿ ಬೆಂಡು ಮಾರುವ ಕೆಲಸಕ್ಕೆ ಸೇರಿದ. ಕೋರ್ಟಿಗೆ ಹೋದ. 1963ರಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್ ಆ ಕಟ್ಟುಪಾಡು ನ್ಯಾಯವಲ್ಲ ಎಂದರು. ಹಾಗಂದರೂ ಹಗ್ಗ ಸಡಿಲವಾಯಿತೇ ಹೊರತು ಕಡಿಯಲಿಲ್ಲ.

ಕಡಿದವನು ಬೆಲ್ಜಿಯಮಿನ ಜ್ಯಾನ್ ಮಾರ್ಕ್ ಬೋಸ್ಮನ್. ದೊಡ್ಡ ಆಟಗಾರನೇನಲ್ಲ. 1990ರಲ್ಲಿ ಲಿಯೇಜ್ ಕ್ಲಬ್ಬಿನ ಜೊತೆ ಅವನ ಕರಾರು ಮುಗಿಯಿತು. ತಿಂಗಳಿಗೆ 1,20,000 ಫ್ರಾಂಕ್ ಕೊಡುತ್ತಿದ್ದವರು ಇನ್ನು ಮುಂದೆ 30,000 ಅಂದರು. ಅವನು ಫ್ರಾನ್ಸಿನ ಡಂಕರ್ಕಿಗೆ ಹೊರಟ. ಹಣದ ವಿಷಯದಲ್ಲಿ ಅಡ್ಡಗಾಲು ಹಾಕಿದರು. ಇಬ್ಬರು ಗೌಡರಿಗೂ ಮೊಬಲಗು ಹೊಂದಲಿಲ್ಲ ಅಂದೆನಲ್ಲ, ಹಾಗೆ. ಐದು ವರ್ಷ ಕೋರ್ಟು ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕರಾರು ಮುಗಿದ ಆಟಗಾರ ಯುರೋಪಿನ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಲು ಯಾರೂ ಬಿಡುಗಡೆ ಹಣ ಕೇಳುವಂತಿಲ್ಲ ಎಂದಿತು. ಆಮೇಲೆ ಜಗತ್ತಿನ ನಿಯಮವೇ ಆ ಕಡೆಗೆ ತಿರುಗಿತು. ಕರಾರಿನ ಕಡೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ಬಿನ ಜೊತೆ ನೇರವಾಗಿ ಮಾತಾಡಬಹುದು. 2024ರಲ್ಲಿ ಭೇಕೆ ಮುಂಬೈಯಿಂದ ಬೆಂಗಳೂರಿಗೆ ನಡೆದು ಬಂದ ದಾರಿ ಬೋಸ್ಮನ್ ಕಡಿದದ್ದು. ಬೋಸ್ಮನ್ನನಿಗೆ ಏನು ಸಿಕ್ಕಿತು? ತೀರ್ಪು ಬರುವ ಹೊತ್ತಿಗೆ ಅವನ ಆಟ ಮುಗಿದಿತ್ತು. ದುಡ್ಡು ಹೋಯಿತು, ಕುಡಿತಕ್ಕೆ ಬಿದ್ದ. ಅವನ ಹೆಸರಿನ ತೀರ್ಪಿನಿಂದ ಬೇರೆಯವರು ಬಂಗಲೆ ಕಟ್ಟಿಸಿದರು.

ಮೈದಾನದ ಮಾತು ಬಂದಾಗ ಮೈದಾನ ಕಟ್ಟಿದವರನ್ನೂ ನೆನೆಯಬೇಕು. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಿಗಾಗಿ ಕ್ರೀಡಾಂಗಣ ಕಟ್ಟಿದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಾಗಿತ್ತು. ಅದರಲ್ಲಿ ಒಂದು ರೂಪಾಯಿ ಜಮಾದಾರನ ಜೇಬಿಗೆ ಹೋಗುತ್ತಿತ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಿಟ್ಟಿ ದುಡಿತವೇ, ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿದೆ ಎಂದು ಬರೆದರು. ಹಸಿವೂ ಒಂದು ಬಲಾತ್ಕಾರ ಎಂಬುದು ಆ ತೀರ್ಪಿನ ತಿರುಳು. ಬಿಡುಗಡೆಯಾದ ಮಾರನೆಯ ದಿನ ತಾತ ಅದೇ ಮನೆಗೆ ಹೋದನಲ್ಲ, ಅದಕ್ಕೆ ಕಾರಣ ಬರೆದ ಕಾಗದ ನನಗೆ ಸಿಕ್ಕಿದ್ದು ಅಲ್ಲಿ.

ಈಗ ನಮ್ಮಣ್ಣನ ವಿಷಯ. ದೊಡ್ಡಪ್ಪನ ಮಗ. ಕಬಡ್ಡಿಯಲ್ಲಿ ಎಡಮೂಲೆ ಹಿಡಿಯುತ್ತಿದ್ದ. ಅವನ ಕೈಗೆ ದಾಳಿಗೆ ಬಂದವನ ಹರಡು ಸಿಕ್ಕಿತೆಂದರೆ ಬಿಡಿಸಿಕೊಂಡು ಹೋದವರಿಲ್ಲ. ನಮ್ಮೂರಲ್ಲಿ ಎರಡು ತಂಡ, ಊರಿನದೊಂದು, ಕೇರಿಯದೊಂದು. ಮುಟ್ಟಿದರೆ ಔಟು ಅನ್ನುವ ಆಟ ಅದು. ಅಂಗಳದ ಗೆರೆ ದಾಟಿ ಹೊರಗೆ ಬಂದರೂ ಅವರಿಗೆ ಅದೇ ನಿಯಮ. ನಾನು ಪಿಯುಸಿ ಓದುವಾಗ ಒಂದು ಸಂಜೆ ಊರಿನ ಹುಡುಗರು ಕೇರಿಯ ತುದಿಗೆ ಬಂದು ನಿಂತರು. ಟೂರ್ನಮೆಂಟಿಗೆ ಅವರ ಎಡಮೂಲೆ ಖಾಲಿ ಬಿದ್ದಿತ್ತು.

"ನಮ್ ಕಡೀಗ್ ಆಡ್ಲಾ ಈ ಸಲ" ಅಂದರು.

"ಆಡ್ತೀನಿ ಕಣ್ರಣ್ಣ. ಮೂರು ಮಾತೈತೆ. ಬನೀನು ನಿಮ್ದೂ ನಂದೂ ಒಂದೇ ಇರ್ಬೇಕು. ನೀರು ಒಂದೇ ಕೊಡದ್ದು ಕುಡೀಬೇಕು. ಗೆದ್ರೆ ಊಟ ಒಂದೇ ಸಾಲಲ್ಲಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೂಂ ಅಂದರು. ಕೇರಿಯಲ್ಲಿ ಅವತ್ತು ರಾತ್ರಿ ಜಗಳ. ನಮ್ಮ ತಂಡದ ಮೂಲೇನೇ ಕಿತ್ಕೊಂಡು ಹೋಯ್ತಾವ್ನೆ, ದುಡ್ಡಿಗೆ ಬಿದ್ದವ್ನೆ ಅಂತ ಕೂಗಾಡಿದರು. ದುಡ್ಡು ಅವನು ಕೇಳಿರಲಿಲ್ಲ. ದೊಡ್ಡವ್ವ ಒಬ್ಬಳೇ ಕೇಳಿದ್ದು: "ನೀವ್ ಒಂದ್ ಬನೀನ್ ಕೊಡ್ಸಿದ್ರೇನ್ರಲಾ ಅವ್ನಿಗೆ?" ನಮ್ಮ ತಂಡಕ್ಕೆ ಬನೀನೇ ಇರಲಿಲ್ಲ.

ಊರಿನವರು ಕಪ್ಪು ಗೆದ್ದರು. ಬನೀನು ಒಂದೇ ಬಣ್ಣ, ನೀರು ಒಂದೇ ಕೊಡದ್ದು, ಎರಡು ಮಾತೂ ನಡೆದವು. ಗೆದ್ದ ವರ್ಷ ಊಟ ನಡೆಯುವುದು ಗೌಡರ ತೋಟದ ಮನೆಯಲ್ಲಿ. ಆ ವರ್ಷ ಮಾತ್ರ ಎಲ್ಲರನ್ನೂ ಟೆಂಪೋ ಹತ್ತಿಸಿಕೊಂಡು ಹೆದ್ದಾರಿಯ ಢಾಬಾಕ್ಕೆ ಹೋದರು. ಒಂದೇ ಮೇಜು, ಒಂದೇ ಸಾಲು, ಕೋಳಿ ಊಟ. ಕೊಟ್ಟ ಮಾತು ತಪ್ಪಲಿಲ್ಲ, ಮನೆ ಮಾತ್ರ ತಪ್ಪಿಸಿದರು. ಅಣ್ಣ ಸರಿರಾತ್ರಿಗೆ ಬಂದು ಜಗುಲಿಯ ಮೇಲೆ ಕೂತು ನಕ್ಕ: "ಸಾಲು ಅಂತ ಹೇಳಿದ್ದೆ, ಜಾಗ ಹೇಳ್ನಿಲ್ಲ ಕಣ್ಲಾ." ಮರುವರ್ಷ ಅವರು ಮತ್ತೆ ಬಂದಾಗ ಜಾಗವನ್ನೂ ಹೇಳಿದ. ಅವರು ಯೋಚನೆ ಮಾಡಿ ಹೇಳ್ತೀವಿ ಅಂತ ಹೋದವರು ಕಡೂರು ಕಡೆಯಿಂದ ದುಡ್ಡು ಕೊಟ್ಟು ಒಬ್ಬನನ್ನು ಕರೆತಂದರು. ಅಣ್ಣ ಕೇರಿಯ ತಂಡಕ್ಕೇ ಆಡಿ, ಆ ಕಡೂರಿನವನ ತಂಡದ ಮೂವರನ್ನು ಒಂದೇ ಸುತ್ತಿನಲ್ಲಿ ಹಿಡಿದು ಹಾಕಿದ. ನಾವು ಸೋತೆವು, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಈಗ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯ ಡಾಟಾ ಎಂಟ್ರಿ ಕೆಲಸ. ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಒಂದನೇ ತಾರೀಕು ನಾನೂ ಫ್ರೀ ಏಜೆಂಟೇ, ಬಂದು ಕರೆಯುವ ಬೆಂಗಳೂರು ಮುಂಬೈಗಳಿಲ್ಲ ಅಷ್ಟೆ. ಏಜೆನ್ಸಿಯವನು ಫೋನು ಎತ್ತುವ ತನಕ ಕವಿತೆ ಬರೆಯಬಹುದು. ಸಂಬಳ ಎರಡು ಮೂರು ತಿಂಗಳು ತಡವಾಗುವುದು ನಮಗೆ ಮಳೆ ತಡವಾದ ಹಾಗೆ. ಹಾಗಾಗಿ 2025ರ ಆಗಸ್ಟಿನಲ್ಲಿ ಬಂದ ಸುದ್ದಿ ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತಾ ಬಂದಿತ್ತು. ಹೊಸ ಒಪ್ಪಂದ ಆಗಲಿಲ್ಲವೆಂದು ಜುಲೈಯಲ್ಲಿ ಲೀಗನ್ನೇ ತಡೆಹಿಡಿದಿದ್ದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ತಾನೇ ಪ್ರಕಟಣೆ ಕೊಟ್ಟಿತು. ಅದೇ ತಂಡ ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿತ್ತು. ಅದಕ್ಕೂ ಮುಂಚೆ ಭೇಕೆಯ ಹಳೆಯ ಮುಂಬೈಯನ್ನು ಕಂಠೀರವದಲ್ಲಿ 5-0ಗೆ ಬಡಿದಿತ್ತು. ಆಳಿನ ಕರಾರಿನ ಮೇಲೆ ಒಡೆಯರ ಕರಾರು ಒಂದಿರುತ್ತದೆ, ಅದು ಮುರಿದರೆ ಕೆಳಗಿನದು ಕಾಗದ. ಆಟಗಾರನ ಹೆಸರು ಕ್ಯಾಲೆಂಡರಿನಲ್ಲಿ ಬಂದಿರುತ್ತದೆ, ಅವನ ಬೂಟು ತೊಳೆಯುವ ಹುಡುಗನದು ಬಂದಿರುವುದಿಲ್ಲ. ಸಂಬಳ ನಿಂತದ್ದು ಇಬ್ಬರಿಗೂ.

ಈ ಸುದ್ದಿ ಹೇಳಿದಾಗ ಅಣ್ಣ ಕೇಳಿದ್ದು ಒಂದೇ: "ಅಡ್ವಾನ್ಸ್ ಇಸ್ಕೊಂಡಿದ್ರಾ ಅವ್ರು?" ಅವನಿಗೆ ಈಗ ಮೂವತ್ತೈದು. ಗೂಡ್ಸ್ ಆಟೋ ಓಡಿಸುತ್ತಾನೆ, ಎಡ ಮಂಡಿ ನೋಯುತ್ತದೆ. ಆದರೂ ಬೇಲೂರು ಕಡೆಯ ಒಂದು ತಂಡ ಬರುವ ಉಗಾದಿಯ ಟೂರ್ನಮೆಂಟಿಗೆ ಅವನನ್ನು ಕೇಳಿದೆ. ಬಾಯಿಮಾತು ಬೇಡ, ಬರೆದುಕೊಡಿ ಅಂದನಂತೆ. ನೀವೇ ಬರ್ಕೊಂಬನ್ನಿ, ರುಜು ಹಾಕ್ತೀವಿ ಅಂದರಂತೆ. ಹೋದ ಭಾನುವಾರ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟು, "ಓದಿದ್ದೀಯಲ್ಲ, ಬರಿಯಪ್ಪ" ಅಂದ. ಅವನು ಹೇಳಿದ, ನಾನು ಬರೆದೆ. ಒಂದು, ಆಟಕ್ಕೆ ಮೊದಲೇ ಅರ್ಧ ಹಣ ಕೊಡತಕ್ಕದ್ದು. ಎರಡು, ಮಂಡಿಗೆ ಏಟಾದರೆ ಆಸ್ಪತ್ರೆಯ ಖರ್ಚು ತಂಡದ್ದು. ಮೂರು, ಟೂರ್ನಮೆಂಟು ಮುಗಿದ ದಿನಕ್ಕೆ ಕರಾರು ಮುಗಿಯುತ್ತದೆ, ಆಮೇಲೆ ಯಾರ ಕಡೆಗಾದರೂ ಆಡಬಹುದು. ನಾಲ್ಕು, ಗೆದ್ದರೂ ಸೋತರೂ ಊಟ ಯಾರ ಮನೆಯಲ್ಲಿ, ಮನೆಯ ಯಾವ ಭಾಗದಲ್ಲಿ ಎಂಬುದನ್ನು ಇದರಲ್ಲೇ ಬರೆಯತಕ್ಕದ್ದು. ಆ ನಾಲ್ಕನೆಯದರ ಮುಂದೆ ಅವರು ತುಂಬಲೆಂದು ಎರಡು ಸಾಲು ಖಾಲಿ ಬಿಟ್ಟಿದ್ದೇವೆ.