ಸೋಗಾನೆಯ ವಿಮಾನವೂ ಬೀರೂರಿನ ರೈಲೂ

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪುರವರ ನಾಮಾಂಕಿತವಾದ ವಿಮಾನ ನಿಲ್ದಾಣವು 2023ನೆಯ ಫೆಬ್ರುವರಿ 27ರಂದು ಉದ್ಘಾಟಿತವಾಗಿ, ಆಗಸ್ಟ್ 31ರಂದು ಬೆಂಗಳೂರಿನ ಪ್ರಥಮ ವಿಮಾನವನ್ನು ಬರಮಾಡಿಕೊಂಡಿತು. ರಾಜ್ಯಸರ್ಕಾರವೇ ಇದನ್ನು ವಹಿಸಿಕೊಂಡುದರಿಂದ ನಷ್ಟವಾದರೆ ಅದರ ಭಾರವು ಪ್ರಜೆಗಳದೇ ಸರಿ. ಆದರೆ ಬೀರೂರು-ಶಿವಮೊಗ್ಗ ರೈಲುಮಾರ್ಗವು 1899ರಿಂದಲೇ ಉಂಟಷ್ಟೆ! ಕಡೂರಿನ ಗೃಹಸ್ಥನು ಬೆಂಗಳೂರಿಗೆ ಬೆನ್ನುಮಾಡಿ ಸೋಗಾನೆಗೆ ನಡೆದು, ಅಲ್ಲಿಂದ ಬೆಂಗಳೂರಿಗೆ ಹಾರುವನೆ? ಅಜ್ಜಂಪುರದವನಿಗೂ ಹುಬ್ಬಳ್ಳಿಯ ದಾರಿಯ ರೈಲು ಊರಿನಲ್ಲೇ ಸಿಕ್ಕುವುದು. ಆದಕಾರಣ ನಿಲ್ದಾಣವು ರೈಲಿನೊಡನೆ ಸ್ಪರ್ಧಿಸದೆ, ಅದೇ ನವೆಂಬರಿನಲ್ಲಿ ಮೊದಲಾದ ಹೈದರಾಬಾದು, ಗೋವೆ, ತಿರುಪತಿಗಳಂತಹ ದೂರದ ಯಾನಗಳನ್ನೇ ನೆಚ್ಚತಕ್ಕದ್ದು. ಮಗಳನ್ನು ಹೈದರಾಬಾದಿಗೆ ಕೊಟ್ಟ ತರೀಕೆರೆಯ ವೃದ್ಧಮಾತೆಗೆ ಅದು ವಿಲಾಸವಲ್ಲ, ಮೊಮ್ಮಗುವಿನ ಮುಖದರ್ಶನದ ದಾರಿ. ಅಂತಹವರು ನಾಲ್ಕಾರು ಮಂದಿ ಏರಿದರೆ ಸಾಲದು; ನಿತ್ಯವೂ ಆಸನಗಳು ತುಂಬಬೇಕು. ಕೆರೆಯ ಏರಿ ಎಷ್ಟು ಉದ್ದವಾದರೇನು? ಹಳ್ಳದ ನೀರು ಬಾರದಿದ್ದರೆ ಗದ್ದೆ ನೆನೆಯದು.