ಹತ್ತು ಸೆಂಟಿನ ಜಮೀನ್ದಾರ

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದವನು, ಕೂಡಿಟ್ಟ ಹಣವನ್ನೆಲ್ಲ ಸುರಿದು ಆನಂದಪುರದ ಕಡೆ 10 ಸೆಂಟು ನೆಲ ಕೊಂಡೆ. "ಮಗಳ ಕಾಲೇಜು ಫೀಜಿಗೆ ಏನು ಮಾಡುತ್ತೀರಿ?" ಎಂದಳು ನನ್ನಾಕೆ. "ತೋಟವೇ ಕೊಡುತ್ತದೆ" ಎಂದೆ. ಬಿ.ಎಸ್ಸಿ. ಓದಿದ ಧೈರ್ಯ!

ವಿಜಯವಾಡದ ಬಾಡಿಗೆ ಮನೆಯ ಹಿತ್ತಲಿಗೆ ವಾರಕ್ಕೊಮ್ಮೆ ನೀರು ಹಾಕಿದರೆ ಸಾಕಾಗುತ್ತಿತ್ತು. ಅಲ್ಲಿಯದು ಕೃಷ್ಣೆ ತಂದು ಹಾಕಿದ ಜಿಗುಟು ಮಣ್ಣು. ಕುಡಿದ ನೀರನ್ನು ಬೇಗ ಬಿಟ್ಟುಕೊಡದು. ಇಲ್ಲಿಯ ಕೆಮ್ಮಣ್ಣಿಗೂ ಅದೇ ಲೆಕ್ಕ ಹಿಡಿದೆ. ನೆಟ್ಟ 30 ಪಪ್ಪಾಯಿ ಸಸಿಗಳಲ್ಲಿ 22 ಒಣಗಿದವು.

ಪಕ್ಕದ ಹೊಲದ ಅಜ್ಜಿ ನೋಡಿ ತೆಲುಗಿನಲ್ಲಿ ಹೇಳಿದಳು: "ಬಾಬೂ, ಈ ಮಣ್ಣಿನ ಹೊಟ್ಟೆ ಚಿಕ್ಕದು. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಕುಡಿಸು. ಬುಡಕ್ಕೆ ಒಣಹುಲ್ಲು ಹೊದಿಸು." ಮರಳು ಹೆಚ್ಚಿದ ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೇ!

ಫೀಜನ್ನು ಸಾಲ ಮಾಡಿ ಕಟ್ಟಿದೆ. ನನ್ನಾಕೆ ಒಂದು ವಾರ ಮಾತಾಡಲಿಲ್ಲ. ಅಜ್ಜಿಯ ಮಾತಿನಂತೆ ನಡೆದು ಉಳಿಸಿಕೊಂಡ ಎಂಟು ಗಿಡ ಈಗ ಫಲ ಕೊಟ್ಟಿವೆ. ಮೊನ್ನೆ ಮೊದಲ ಹಣ್ಣು ಹೆಚ್ಚುತ್ತಾ ನನ್ನಾಕೆ, "ಇದಕ್ಕೆ ಎಷ್ಟು ಬಿದ್ದಿತು?" ಎಂದಳು. ಗುಮಾಸ್ತನಾದರೂ ಲೆಕ್ಕ ಹೇಳಲಿಲ್ಲ.

"ಅಜ್ಜಿಗೊಂದು ಹಣ್ಣು ತೆಗೆದಿಡು" ಎಂದೆ.

"ಆಗಲೇ ತೆಗೆದಿಟ್ಟಿದ್ದೇನೆ" ಎಂದಳು.