ಗಾಳಿಗೆ ಅಡ್ಡ ಒಂದು ಡಬ್ಬದ ತಗಡು

ಬೆಂಕಿಪೊಟ್ಟಣದ ಬೆಲೆ 2021ರ ಡಿಸೆಂಬರಿನಲ್ಲಿ ಒಂದು ರೂಪಾಯಿಯಿಂದ ಎರಡಕ್ಕೆ ಏರಿತು. ಹದಿನಾಲ್ಕು ವರ್ಷ ಅದೇ ಒಂದು ರೂಪಾಯಿಗೆ ನಿಂತಿದ್ದ ಸಾಮಾನು ಅದು. ಅಷ್ಟು ಕಾಲ ಬೆಲೆ ಏರಿಸಿಕೊಳ್ಳದೆ ಇದ್ದ ಇನ್ನೊಂದು ವಸ್ತು ಇದ್ದರೆ ಹೇಳಿ, ಕೇಳೋಣ. ನಮ್ಮ ಚಿತ್ರದುರ್ಗದ ಕಡೆ ಬೀಡಿ ಸೇದುವವರು ನಾಲ್ಕು ದಿನ ಗೊಣಗಿ ಸುಮ್ಮನಾದರು. ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುವವನು ದುಡ್ಡು ಕೊಟ್ಟೇ ತರಬೇಕಾದದ್ದು ಇದೊಂದೇ ಎಂಬುದು ನನ್ನ ವಾದ. ಮಿಕ್ಕಿದ್ದೆಲ್ಲ ಬೇಲಿಯಲ್ಲೋ ತೋಟದಲ್ಲೋ ಅಟ್ಟದ ಮೇಲೋ ಬಿದ್ದಿರುತ್ತದೆ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಈ ವಾದ ಒಪ್ಪುವುದಿಲ್ಲ. ಅವನ ಹತ್ತಿರ ಕ್ಯಾಂಪಿಂಗ್ ಕಿಟ್ ಇದೆ. ಮಡಚುವ ಸ್ಟೀಲ್ ಒಲೆ, ರೇಡಿಯೋ ಏರಿಯಲ್ ಥರ ಉದ್ದವಾಗುವ ಊದುಗೊಳವೆ, ಉಜ್ಜಿದರೆ ಕಿಡಿ ಹಾರಿಸುವ ಒಂದು ಕಪ್ಪು ಕಡ್ಡಿ. ಅದಕ್ಕೆ ಫೆರೋ ರಾಡ್ ಅನ್ನುತ್ತಾರಂತೆ. "ಮಾವ, ಇದು ನೀರಲ್ಲಿ ನೆನೆದ್ರೂ ಕಿಡಿ ಕೊಡುತ್ತೆ" ಅಂದ. "ಕೊಡಲಿ ಬಿಡೋ, ನಮ್ಮ ಹಿರಿಯೂರಲ್ಲಿ ನೆನೆಯೋಕೆ ನೀರೆಲ್ಲೋ ಇತ್ತು?" ಅಂದೆ. ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ನಡುವೆ ಹುಟ್ಟಿ ಬೆಳೆದು ಮುದುಕರಾಗಿ ಹೋದವರಿಗೆ ಕೋಡಿ ಅನ್ನುವುದು ಬರೀ ಕೇಳಿದ ಸುದ್ದಿ.

ಆದರೂ ಆ ಕಡ್ಡಿಯ ಮೇಲೆ ನನಗೆ ಗೌರವವಿದೆ. ಅದನ್ನು 1903ರಲ್ಲಿ ಕಂಡುಹಿಡಿದವನು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಸೀರಿಯಂ ಎಂಬ ಲೋಹವನ್ನು ಕಬ್ಬಿಣದ ಜೊತೆ ಬೆರೆಸಿದರೆ ಕೆರೆದಾಗ ಉದುರುವ ಪುಡಿ ಗಾಳಿ ತಾಕುತ್ತಲೇ ಹೊತ್ತಿಕೊಳ್ಳುತ್ತದೆ. ಬೀಡಿ ಅಂಗಡಿಯ ಲೈಟರಿನ ಚಕ್ರದ ಕೆಳಗಿರುವುದೂ ಅದರದೇ ಒಂದು ಚೂರು. ಇದೇ ಮಹಾನುಭಾವ ಅದಕ್ಕೂ ಮೊದಲು, 1885ರಲ್ಲಿ, ಗ್ಯಾಸ್ ದೀಪದ ಮ್ಯಾಂಟಲ್ ಮಾಡಿದ್ದ. ಅಂದರೆ ನಮ್ಮ ಹಳ್ಳಿಯ ಬಯಲಾಟಗಳಲ್ಲಿ ಬೆಳಗಿನವರೆಗೆ ಭುಸುಗುಟ್ಟುತ್ತಿದ್ದ ಪೆಟ್ರೋಮ್ಯಾಕ್ಸಿನ ಆ ಬಿಳಿ ಬಲೆಚೀಲ ಅವನ ಕೊಡುಗೆ. ದುರ್ಯೋಧನನ ಕಿರೀಟ ಮಿಂಚಿದ್ದು ಒಬ್ಬ ಆಸ್ಟ್ರಿಯಾದವನ ದಯೆಯಿಂದ ಎಂದು ನಮ್ಮ ಭಾಗವತರಿಗೆ ಯಾರೂ ಹೇಳಲಿಲ್ಲ. ಅವನಿಗೂ ಮುಂಚೆ ಕುರಿ ಕಾಯುವವರ ಸೊಂಟದ ಚೀಲದಲ್ಲಿ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಂದಿಷ್ಟು ಅರಳೆ ಇರುತ್ತಿತ್ತು. ಅಲ್ಲಿಯೂ ಉರಿಯುತ್ತಿದ್ದದ್ದು ಕಲ್ಲಲ್ಲ, ಕಲ್ಲು ಕೆರೆದು ಹಾರಿಸಿದ ಉಕ್ಕಿನ ಪುಡಿ.

ಕಿಡಿಯೇನೋ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ತಾಪತ್ರಯ ಇರುವುದು ಕಿಡಿಯದಲ್ಲ, ಗಾಳಿಯದು. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಕಂಪನಿಯವರು ಅಂದಕ್ಕೆಂದು ನೆಟ್ಟಿಲ್ಲ. ಆಷಾಢದಲ್ಲಿ ಇಲ್ಲಿ ಹೆಗಲ ಮೇಲಿನ ಟವೆಲ್ ನಿಲ್ಲುವುದಿಲ್ಲ, ಕಡ್ಡಿಯ ಉರಿ ಎಲ್ಲಿ ನಿಂತೀತು? ನಮ್ಮ ಹುಡುಗನ ಸ್ಟೀಲ್ ಒಲೆ ಚಂದವಾಗಿ ಮಡಚುತ್ತಿತ್ತು. ಆದರೆ ನಾಲ್ಕೂ ಕಡೆ ಕಿಂಡಿ. ಉರಿಯೆಲ್ಲ ಪಕ್ಕದ ಹೊಲದ ಕಡೆಗೆ ಮುಖ ಮಾಡಿ ಮಲಗಿತು, ಪಾತ್ರೆಯ ತಳ ಬೆಚ್ಚಗೂ ಆಗಲಿಲ್ಲ.

ಕ್ಯಾಂಪಿಂಗ್ ನೋಡಬೇಕೆಂದರೆ ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊರಬೀಡು ನೋಡಬೇಕು. ಊರಿಗೆ ರೋಗರುಜಿನ ಬಾರದಿರಲಿ ಎಂದು ಊರಿಗೆ ಊರೇ ಮನೆಗೆ ಬೀಗ ಹಾಕಿ, ದನಕರು, ಕೋಳಿ, ನಾಯಿ ಸಮೇತ ಹೊಲ ತೋಟಗಳಿಗೆ ಹೊರಟುಬಿಡುತ್ತದೆ. ಊರ ದಾರಿಗೆ ಮುಳ್ಳು ಎಳೆಯುತ್ತಾರೆ. ಅಂದು ಊರೊಳಗೆ ಒಲೆ ಹೊತ್ತಿಸುವಂತಿಲ್ಲ. ಸಂಜೆ ಪೂಜೆ ಮುಗಿಸಿಯೇ ಒಳಗೆ ಕಾಲಿಡುವುದು. ಇಡೀ ಊರಿನ ಅಡುಗೆ ಅಂದು ಬಯಲಲ್ಲಿ. ಒಬ್ಬರ ಕೈಯಲ್ಲೂ ಕಿಟ್ ಇಲ್ಲ.

ಅಲ್ಲಿ ಹೆಂಗಸರು ಮೊದಲು ನೋಡುವುದು ಬದುವನ್ನು. ಗಾಳಿಗೆ ಬೆನ್ನು ಕೊಟ್ಟ ಮಗ್ಗುಲನ್ನು ಗುದ್ದಲಿಯಿಂದ ಕೊರೆದರೆ ಮೂರು ಕಡೆ ಮಣ್ಣಿನ ಗೋಡೆಯಿರುವ ಒಲೆ ಸಿದ್ಧ. ಬದು ಸಿಗದಿದ್ದರೆ ಮೂರು ಕಲ್ಲು. ಕಲ್ಲು ಆರಿಸುವುದರಲ್ಲೂ ಹುಷಾರಿರಬೇಕು: ವೇದಾವತಿ ಹೊಳೆಯ ಪಾತ್ರದಿಂದ ನುಣ್ಣಗಿದೆಯೆಂದು ಎತ್ತಿ ತಂದ ಕಲ್ಲಿನೊಳಗೆ ನೀರಿಳಿದಿರುತ್ತದೆ, ಕಾದಾಗ ಪಟ್ಟೆಂದು ಸಿಡಿಯುತ್ತದೆ. ಹೊಲದಲ್ಲಿ ಬಿಸಿಲುಂಡು ಬಿದ್ದ ಕಲ್ಲೇ ವಾಸಿ. ಕಲ್ಲುಗಳ ಹಿಂದೆ ಹದಿನೈದು ಕೆಜಿ ಎಣ್ಣೆ ಡಬ್ಬವನ್ನು ಸೀಳಿ ಬಿಡಿಸಿದ ತಗಡು. ಅಂಗಡಿಯವರು ವಿಂಡ್‌ಶೀಲ್ಡ್ ಎಂದು ಡಬ್ಬಿಯಲ್ಲಿಟ್ಟು ಮಾರುವುದು ಇದನ್ನೇ.

ಕುರಿಯವರ ಹತ್ತಿರ ಇದಕ್ಕಿಂತ ಒಳ್ಳೆಯದಿದೆ, ಕಂಬಳಿ. ಅದನ್ನು ತಲೆಯ ಮೇಲಿಂದ ಇಳಿಬಿಟ್ಟು, ಕುಕ್ಕರಗಾಲಲ್ಲಿ ಕೂತು, ಎರಡು ಕಡ್ಡಿ ಜೋಡಿಸಿ ಒಟ್ಟಿಗೆ ಗೀರಿ, ಅಂಗೈ ಬೊಗಸೆಯೊಳಗೆ ಉರಿಯನ್ನು ತಲೆಕೆಳಗು ಹಿಡಿಯುತ್ತಾರೆ. ಉರಿ ಕಡ್ಡಿಯ ಮೇಲಕ್ಕೆ ಹತ್ತಿ ಗಟ್ಟಿಯಾದ ಮೇಲೆಯೇ ಕೈ ಮುಂದಕ್ಕೆ. ಕಂಬಳಿಗೆ ಕಿಡಿ ಸಿಡಿದರೆ ಕೂದಲು ಸುಟ್ಟ ವಾಸನೆ ಬಂದು ಅಲ್ಲಿಗೇ ಆರುತ್ತದೆ, ಉಣ್ಣೆಯ ಗುಣವೇ ಅದು. ಹುಡುಗನ ನೈಲಾನ್ ಜಾಕೆಟ್ಟಿಗೆ ಒಂದೇ ಕಿಡಿ ಸಾಕಾಯಿತು, ತೋಳಿಗೊಂದು ಕಿಟಕಿ ಬಂತು.

ಇನ್ನು ಉರುವಲು. ಹೊಸದುರ್ಗ, ಹೊಳಲ್ಕೆರೆಯ ತೋಟದ ಸೀಮೆಯಲ್ಲಿ ಸೋಗೆ, ಮಟ್ಟೆ, ಕರಟ, ಅಡಿಕೆ ಹಾಳೆ. ಹಿರಿಯೂರಿನ ಕಡೆ ಬಳ್ಳಾರಿ ಜಾಲಿ. ಜಾಲಿಯನ್ನು ಬೈಯದ ರೈತನಿಲ್ಲ, ಅದರ ಮುಳ್ಳು ಹೊಗದ ಚಪ್ಪಲಿಯಿಲ್ಲ, ಆದರೆ ಕೆಂಡಕ್ಕೆ ಅದನ್ನು ಮೀರಿಸುವ ಸೌದೆ ಈ ಕಡೆ ನಾನು ಕಂಡಿಲ್ಲ. ಹೊತ್ತಿಸಲಿಕ್ಕೆ ಒಣನಾರಿನ ಹಿಡಿಯೊಳಗೆ ಒಂದು ಬಿಲ್ಲೆ ಕರ್ಪೂರ. ದೇವರ ಸಾಮಾನನ್ನು ಒಲೆಗೆ ಹಾಕುವುದೇ ಎಂದು ಮನೆಯಲ್ಲಿ ಆಕ್ಷೇಪವಿದೆ, ನಾನು ಕೇಳಿಸಿಕೊಂಡಿಲ್ಲ. ಕರ್ಪೂರದ ಹೊಗೆ ಹೋದ ಮೇಲೆ ಪಾತ್ರೆ ಇಟ್ಟರಾಯಿತು. ಹುಲ್ಲು ಒಣಗಿ ನಿಂತ ಜೋಗಿಮಟ್ಟಿ ಕಾಡಿನ ಕಡೆ ಮಾತ್ರ ಈ ಯಾವ ವಿದ್ಯೆಯನ್ನೂ ತೋರಿಸಬೇಡಿ. ಗಾಳಿ ಅಲ್ಲಿ ನಿಮ್ಮ ಕೈಯಲ್ಲಿರುವುದಿಲ್ಲ.

ಅದೇ ಎಣ್ಣೆ ಡಬ್ಬದಿಂದ ಹೊಟ್ಟಿನ ಒಲೆಯನ್ನೂ ಮಾಡಬಹುದು. ತಳದ ಹತ್ತಿರ ಪಕ್ಕಕ್ಕೊಂದು ತೂತು. ನಡುವೆ ಬಾಟಲಿ ನಿಲ್ಲಿಸಿ, ತೂತಿನಿಂದ ಅದರ ಬುಡಕ್ಕೆ ಒಂದು ಕೋಲು ತೂರಿಸಿ, ಸುತ್ತ ಸಾಮಿಲ್ಲಿನ ಹೊಟ್ಟನ್ನು ಸುರಿದು ಗಟ್ಟಿಯಾಗಿ ಗುದ್ದಬೇಕು. ಬಾಟಲಿಯನ್ನು ತಿರುಗಿಸುತ್ತಾ ಮೆಲ್ಲಗೆ ಎಳೆದು, ಕೋಲು ತೆಗೆದರೆ ಒಳಗೊಂದು ಕೊಳವೆ ಉಳಿಯುತ್ತದೆ. ಕೆಳಗೆ ಬೆಂಕಿ ತೋರಿಸಿದರೆ ಗಂಟೆಗಟ್ಟಲೆ ಒಂದೇ ಹದದಲ್ಲಿ ಉರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಬಳಗ ಕಡಿಮೆ ಸೌದೆಯ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. ಅದು ಅಡುಗೆಮನೆಯಲ್ಲಿ ಕಟ್ಟುವ ಒಲೆ, ಹೊತ್ತು ತಿರುಗುವುದಲ್ಲ. ಹೊಟ್ಟಿನ ಒಲೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಹುದು, ದಾರಿಯಲ್ಲಿ ಕುಲುಕಿ ಕೊಳವೆ ಕುಸಿಯದಿದ್ದರೆ.

ಪಾತ್ರೆ ಯಾವುದಾದರೂ ಆದೀತು, ಮುದ್ದೆ ಮಾಡುವವರನ್ನು ಬಿಟ್ಟು. ನಮ್ಮ ಹುಡುಗನ ಕಿಟ್ಟಿನ ಪಾತ್ರೆ ನೂಡಲ್ಸಿಗೆ ಹುಟ್ಟಿದ್ದು. ಮುದ್ದೆಗೆ ದಪ್ಪ ತಳದ ಸಿಲ್ವರ್ ಪಾತ್ರೆಯೇ ಬೇಕು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನ ನಡುವೆ ಕಂಠ ಸಿಕ್ಕಿಸಿ, ಅದರ ತುದಿಗಳನ್ನು ಎರಡು ಪಾದಗಳಲ್ಲಿ ಮೆಟ್ಟಿ, ಮುದ್ದೆಕೋಲನ್ನು ಎರಡು ಕೈಯಲ್ಲಿ ಹಿಡಿದು ತೊಳಸಬೇಕು. ಗಂಟು ಉಳಿದರೆ ಊರೆಲ್ಲ ಎದುರಿಗೇ ಕೂತಿರುತ್ತದೆ. ಪಾತ್ರೆಯ ಮಾತೆತ್ತಿದರೆ ನನಗೆ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿ ನೆನಪಾಗುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದನ್ನು ಅಗೆಸಿದ. ಅಲ್ಲಿನ ರೋಮನ್ ನಾಣ್ಯಗಳ ಮಾತನ್ನು ಎಲ್ಲರೂ ಆಡುತ್ತಾರೆ. ಮಡಕೆ ಚೂರುಗಳೂ ರಾಶಿ ಸಿಕ್ಕವು, ಅವುಗಳಲ್ಲಿ ಏನು ಬೇಯುತ್ತಿತ್ತೆಂದು ಕೇಳುವವರು ಕಡಿಮೆ. ನನಗೆ ನಾಣ್ಯಕ್ಕಿಂತ ಆ ಚೂರುಗಳ ಮೇಲೆಯೇ ಆಸೆ.

ಉಂಡಾದ ಮೇಲೆ ಮಸಿಯ ಜಗಳ. ಒಲೆಗಿಡುವ ಮುಂಚೆ ಪಾತ್ರೆಯ ತಳಕ್ಕೆ ಕಲಸಿದ ಮಣ್ಣು ಬಳಿದರೆ ತೊಳೆಯುವಾಗ ಮಸಿಯೂ ಮಣ್ಣಿನ ಜೊತೆ ಬಿಟ್ಟುಬರುತ್ತದೆ ಎಂದು ನನ್ನ ತಂಗಿ. ಬಟ್ಟೆ ಸೋಪು ಸವರಿದರೆ ಸಾಕು, ಸ್ಕೌಟಿನಲ್ಲಿ ಕಲಿಸಿದ್ದಾರೆ ಎಂದು ಅವಳ ಮಗ. ನನ್ನನ್ನು ಪಂಚಾಯ್ತಿಗೆ ಕರೆದರು. ತೊಳೆಯುವವರು ಯಾರೋ ಅವರು ಹೇಳಿದ್ದೇ ಸರಿ ಅಂದೆ. ಪಾತ್ರೆ ನನ್ನ ಮುಂದೆಯೇ ಬಂದು ಕೂತಿತು.